ಸಹಮ್ ದಂಡೆಯ ಹಗ್ಗದ ಲೆಕ್ಕ

ಜನವರಿ 8, ಬೆಳಿಗ್ಗೆ 6:35

ಇಳಿತದ ಹೊತ್ತು. ಅಲೆ ಬಿಟ್ಟುಹೋದ ಕಸದ ಗೆರೆ ಹಿಡಿದು ಇನ್ನೂರು ಹೆಜ್ಜೆ ನಡೆದೆ. ಎಣಿಸಿದ ಹಗ್ಗದ ತುಂಡುಗಳು 19. ಹಸಿರು ನೈಲಾನ್ 11, ನೀಲಿ 5, ಬಿಳಿ 2, ಕಿತ್ತಳೆ 1. ಜೊತೆಗೆ ಒಂದು ಚಪ್ಪಲಿ, ಮೂರು ಕಟಲ್‌ಮೀನಿನ ಮೂಳೆ, ಬಾಯಿ ತೆರೆದು ಒಣಗಿದ ಕಪ್ಪೆಮೀನು ಒಂದು.

ಹಗ್ಗ ಎಣಿಸುವುದು ಹಕ್ಕಿ ನೋಡುವವನ ಕೆಲಸವೇನೂ ಅಲ್ಲ. ಮಗಳ ಮನೆಗೆ ಮೂರು ವಾರಕ್ಕೆಂದು ಬಂದಾಗ ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಅರಬ್ ನಾಡಿನ ಹಕ್ಕಿಗಳ ಕೈಪಿಡಿ. ಇನ್ನೊಂದು ಕಲಾವಿದೆ ಶೀಲಾ ಗೌಡರ ಕೃತಿಗಳ ಚಿತ್ರಪುಸ್ತಕ, ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟದ್ದು. ‘ಸಾರ್, ನಿಮ್ಮ ಭದ್ರಾವತಿಯವರು’ ಎಂದಿದ್ದ. ವಿಮಾನದಲ್ಲಿ ಹಕ್ಕಿಪುಸ್ತಕ ಚೀಲದಲ್ಲೇ ಉಳಿಯಿತು. ಇನ್ನೊಂದರಲ್ಲಿ ಪುಟಗಟ್ಟಲೆ ಹಗ್ಗ. ಇಳಿದ ಮೇಲೂ ಕಣ್ಣು ಹಗ್ಗವನ್ನೇ ಹುಡುಕುತ್ತಿದೆ. ಹೊಸ ಹಕ್ಕಿಯ ಚಿತ್ರ ನೋಡಿಕೊಂಡು ಹೊರಟ ದಿನ ಪ್ರತಿ ಪೊದೆಯಲ್ಲೂ ಅದೇ ಕಂಡಂತಾಗುತ್ತದಲ್ಲ, ಹಾಗೆ.

ಸಹಮ್ ಒಮಾನಿನ ಬಾತಿನಾ ಕರಾವಳಿಯ ಊರು. ಒಂದು ಪಕ್ಕ ಸೊಹಾರ್, ಇನ್ನೊಂದು ಪಕ್ಕ ಖಾಬೂರಾ. ಮುಂದೆ ಒಮಾನ್ ಕೊಲ್ಲಿ, ಬೆನ್ನಿಗೆ ಖರ್ಜೂರ, ನಿಂಬೆಯ ತೋಟಗಳು, ಅವುಗಳಾಚೆ ಜಲ್ಲಿಕಲ್ಲಿನ ಬಯಲು, ಕೊನೆಗೆ ಹಜರ್ ಬೆಟ್ಟಸಾಲು. ಅಳಿಯನಿಗೆ ಸೊಹಾರ್ ಬಂದರಿನ ಕಡೆ ಕೆಲಸ. ಅವನು ಹೊರಡುವ ಹೊತ್ತಿಗೆ ನಾನೂ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಡುತ್ತೇನೆ.

ಜನವರಿ 9

ಮಸೀದಿಯ ಹಿಂದಿನ ತೋಟ, ಮೂರನೇ ವಿದ್ಯುತ್ ಕಂಬ. ತಂತಿಯ ಮೇಲೆ ನೀಲಕಂಠ, ಒಂದು.

ನಲವತ್ತು ನಿಮಿಷ ನೋಡಿದೆ. ನೆಲಕ್ಕಿಳಿದದ್ದು ಆರು ಸಲ. ಎರಡು ಸಲ ಮಿಡತೆ, ಒಮ್ಮೆ ಹಲ್ಲಿಯಂಥದ್ದು, ಮೂರು ಸಲ ಬರಿಗೈ. ಕೂತಿರುವಾಗ ಮಾಸಿದ ಕಂದು ಬಣ್ಣದ ಸಾಧಾರಣ ಹಕ್ಕಿ. ರೆಕ್ಕೆ ಬಿಚ್ಚಿದಾಗಲೇ ಆ ನೀಲಿ. ಕಾಯದೆ ಹೋದವನಿಗೆ ಕಾಣುವುದು ಕಂದುಹಕ್ಕಿ ಮಾತ್ರ.

ಇದು ಕರ್ನಾಟಕದ ರಾಜ್ಯಪಕ್ಷಿ. ಒಡಿಶಾದ್ದೂ ಹೌದು, ತೆಲಂಗಾಣದ್ದೂ ಹೌದು. ಇಂಗ್ಲಿಷ್ ಹೆಸರಿನಲ್ಲಿ ಇಂಡಿಯಾ, ಲ್ಯಾಟಿನ್ ಹೆಸರಿನಲ್ಲಿ ಬಂಗಾಳ. ಇಷ್ಟೆಲ್ಲ ಬಿರುದು ಹೊತ್ತ ಹಕ್ಕಿ ಸಹಮಿನ ತಂತಿಯ ಮೇಲೆ ಕೂತಿದೆ. ಅದೂ ವಲಸೆ ಬಂದದ್ದಲ್ಲ. ಇಲ್ಲಿಯೇ ಮರದ ಪೊಟರೆಯಲ್ಲಿ ಮೊಟ್ಟೆಯಿಟ್ಟು ಮರಿಮಾಡುವ ಖಾಯಂ ನಿವಾಸಿ. ವೀಸಾದ ಮೇಲೆ ಬಂದವನು ನಾನು.

ಜನವರಿ 11

ತೋಟದ ಅಂಚಿನಲ್ಲಿ ಎರಡು ಮರ, ಹದಿನೈದು ಅಡಿ ಅಂತರ. ದೂರದಿಂದ ಎರಡೂ ಜಾಲಿಯ ಹಾಗೆ. ಹತ್ತಿರ ಹೋಗಿ ಮುಳ್ಳು ನೋಡಬೇಕು. ಮೊದಲನೆಯದರ ರೆಂಬೆಗಳು ಕೆಳಕ್ಕೆ ಇಳಿಬಿದ್ದಿವೆ, ಎಲೆ ಬೂದಿ ಮಿಶ್ರಿತ ಹಸಿರು, ಕಿರುಮುಳ್ಳುಗಳು ಕಡ್ಡಿಯ ಉದ್ದಕ್ಕೂ ಅಲ್ಲಲ್ಲಿ ಚದುರಿವೆ. ಎರಡನೆಯದರಲ್ಲಿ ಮುಳ್ಳು ಗೆಣ್ಣಿನಲ್ಲಿ, ಹೆಚ್ಚಾಗಿ ಜೋಡಿಯಾಗಿ. ಎಲೆ ಹಚ್ಚಹಸಿರು, ಉದ್ದ.

ಮೊದಲನೆಯದು ಬನ್ನಿ. ಇಲ್ಲಿಯವರ ಗಾಫ್. ದಸರೆಯಲ್ಲಿ ಬಂಗಾರವೆಂದು ಕೈಯಿಂದ ಕೈಗೆ ಕೊಡುವ ನಮ್ಮ ಶಮಿ ಇದೇ. ನೆರೆಯ ಸಂಯುಕ್ತ ಅರಬ್ ಸಂಸ್ಥಾನದ ರಾಷ್ಟ್ರವೃಕ್ಷವೂ ಇದೇ, ರಾಜಸ್ಥಾನ ಮತ್ತು ತೆಲಂಗಾಣಗಳ ರಾಜ್ಯವೃಕ್ಷವೂ ಇದೇ. ಎರಡನೆಯದು ಬಳ್ಳಾರಿ ಜಾಲಿ. ಬಳ್ಳಾರಿಯದಲ್ಲ, ಅಮೆರಿಕ ಖಂಡದ್ದು. ನೆರಳಿಗೆ, ಉರುವಲಿಗೆ ಎಂದು ತಂದು ನೆಟ್ಟದ್ದು ಎರಡೂ ದೇಶಗಳಲ್ಲಿ ಹಳ್ಳಕೊಳ್ಳ ತುಂಬಿಕೊಂಡಿತು. ಇಲ್ಲಿ ಅದಕ್ಕೆ ‘ಗುವೈಫ್ ಬಹ್ರಿ’ ಎನ್ನುತ್ತಾರೆ. ಸಮುದ್ರದ ಕಡೆಯ ಮರಿಗಾಫ್ ಎಂದಂತೆ. ಹೊರಗಿನಿಂದ ಬಂದದ್ದಕ್ಕೆ ನಾವು ನಮ್ಮ ಊರಿನ ಹೆಸರು ಕೊಟ್ಟೆವು, ಇವರು ತಮ್ಮ ಮರದ ಹೆಸರು ಕೊಟ್ಟರು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಎರಡೂ ಪ್ರೊಸೋಪಿಸ್ ಕುಲದವೇ. 2022ರಲ್ಲಿ ಸಸ್ಯವಿಜ್ಞಾನಿಗಳು ಬೇರೆ ಮಾಡಿದರು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು, ಜಾಲಿ ನೆಲ್ಟುಮಾ ಆಯಿತು. ಆಡುಗಳಿಗೆ ಈ ಸುದ್ದಿ ಮುಟ್ಟಿದಂತಿಲ್ಲ. ಎರಡರ ಬುಡದಲ್ಲೂ ಕಾಯಿ ಹುಡುಕುತ್ತಿದ್ದವು.

ಜನವರಿ 12

ತೋಟದ ಯಜಮಾನರ ಪರಿಚಯವಾಯಿತು. ಎಪ್ಪತ್ತೈದರ ಆಸುಪಾಸು, ಬಲೂಚಿ ಮನೆತನ, ಹಿಂದಿ ಸಲೀಸಾಗಿ ಬರುತ್ತದೆ. ನಾನು ನಿವೃತ್ತ ಮೇಷ್ಟರೆಂದು ತಿಳಿದ ಕ್ಷಣದಿಂದ ‘ಉಸ್ತಾದ್’ ಎನ್ನತೊಡಗಿದರು. ನಾನು ‘ಚಾಚಾ’ ಎಂದೆ.

ಕೊಟ್ಟಿಗೆಯಲ್ಲಿ ಮೂರು ಹಸು, ಒಂದು ಗೂಳಿ. ಮೇವು ಕುದುರೆಮಸಾಲೆ ಸೊಪ್ಪು, ಮೇಲೊಂದಿಷ್ಟು ಕಳಪೆ ಖರ್ಜೂರ, ಜೊತೆಗೆ ದಂಡೆಯಲ್ಲಿ ಒಣಗಿಸಿದ ಭೂತಾಯಿ ಮೀನು. ಮೀನು ತಿನ್ನುವ ಹಸು ನಮ್ಮ ಕಡೆಯವರಿಗೆ ಹೇಳಿದರೆ ನಂಬಲಾರರು. ಬಾತಿನಾ ಕರಾವಳಿಯಲ್ಲಿ ಇದು ತಲೆತಲಾಂತರದ ರೂಢಿ. ಮಿಕ್ಕ ಮೀನು ಖರ್ಜೂರದ ಬುಡಕ್ಕೆ ಗೊಬ್ಬರ. ಸಗಣಿಯೂ ಅಲ್ಲಿಗೇ.

‘ಬೆರಣಿ ತಟ್ಟುವುದಿಲ್ಲವೇ?’ ಎಂದೆ. ಗೋಡೆಯ ಮೇಲೆ ಕೈಯಲ್ಲಿ ತಟ್ಟಿ ತೋರಿಸಿದೆ. ಚಾಚಾ ನಕ್ಕು ಗ್ಯಾಸ್ ಸಿಲಿಂಡರಿನ ಕಡೆ ಬೆರಳು ತೋರಿದರು.

ತಿಪ್ಪೆಯ ಪಕ್ಕ ಕಲ್ಲಿನ ಮೇಲೆ ಕೂತು ಗಂಟೆ ಹೊತ್ತು ಸಗಣಿ ನೋಡಿದೆ. ಮಗಳಿಗೆ ಇದನ್ನು ಹೇಳಿಲ್ಲ. ಹೊಸ ಸಗಣಿಯ ಮೇಲೆ ಹತ್ತೇ ನಿಮಿಷದಲ್ಲಿ ನೊಣದ ಮೊದಲ ತಂಡ. ಬಿಸಿಲು ಬಿದ್ದ ಮಗ್ಗುಲಿಗೆ ತೆಳುವಾದ ಕೆನೆಗಟ್ಟುತ್ತದೆ, ಕೆನೆ ಬಿರಿಯುತ್ತದೆ, ಬಿರುಕಿನಲ್ಲಿ ಇನ್ನೂ ಹಸಿ ಹಸಿರು. ಹಳೆಯ ಮುದ್ದೆ ಮಗುಚಿದರೆ ಒಳಗೆ ನುಸಿಗಾತ್ರದ ಕರಿಹುಳು, ಎರೆಯಂಥದ್ದು, ಅದನ್ನು ಕೆದಕಲು ಬಂದ ಚಂದ್ರಮುಕುಟ ಒಂದು. ಸಗಣಿ ಸುಮ್ಮನೆ ಬಿದ್ದಿರುವುದಿಲ್ಲ. ಬಿದ್ದ ಗಳಿಗೆಯಿಂದ ಅದರ ಸುತ್ತ ಒಂದು ಊರೇ ಕೂಡುತ್ತದೆ.

ಚೀಲದ ಚಿತ್ರಪುಸ್ತಕದಲ್ಲೂ ಸಗಣಿಯಿದೆ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ತಂದೆ ಜನಪದ ಹಾಡುಗಳನ್ನೂ ಹಳ್ಳಿಯ ವಸ್ತುಗಳನ್ನೂ ಕೂಡಿಟ್ಟವರು. ಮಗಳು ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, 1986ರ ಹೊತ್ತಿಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಹೀಗೆ ಕಲಿತು ಬಂದದ್ದು ಚಿತ್ರಕಲೆ. ತೊಂಬತ್ತರ ದಶಕದ ಆರಂಭದಲ್ಲಿ ಅವರು ಸಗಣಿಗೆ ಕೈಹಾಕಿದರು. ಕಾಲ ಯಾವುದೆಂದು ನೆನಪಿಸಿಕೊಳ್ಳಿ. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಬಾಬರಿ ಮಸೀದಿ ಉರುಳಿತು, ಅದರ ಬೆನ್ನಿಗೇ ಮುಂಬಯಿ ಹೊತ್ತಿ ಉರಿಯಿತು. ಹಸು ಗೋಡೆಬರಹಗಳಲ್ಲಿ ಸೇರಿ ದೇಶದ ಗುರುತಾಗುತ್ತಿತ್ತು. ಬಣ್ಣದ ಕ್ಯಾನ್ವಾಸಿನಲ್ಲಿ ಇದಕ್ಕೆ ಉತ್ತರ ಕೊಡಲಾಗದು ಎಂದು ಅವರಿಗೆ ಅನ್ನಿಸಿತು. ಹಸುವಿನ ಚಿತ್ರ ಬರೆಯಲಿಲ್ಲ, ಹಸುವಿನ ಸಗಣಿ ತಂದರು. ಹುಳ ಹಿಡಿಯದಿರಲೆಂದು ಬೇವಿನೆಣ್ಣೆ ಬೆರೆಸಿದರು, ಕಾಗದಕ್ಕೆ ಬಳಿದರು, ಉಂಡೆ ಕಟ್ಟಿದರು, ಇಟ್ಟಿಗೆ ಮಾಡಿ ಸಾಲಾಗಿಟ್ಟರು, ನಡುವೆ ಕುಂಕುಮ ತುಂಬಿದರು.

ಸಗಣಿ ನಮ್ಮಲ್ಲಿ ಅಂಗಳಕ್ಕೂ ಒಲೆಗೂ ದೇವರ ಮೂಲೆಗೂ ಸಲ್ಲುವ ವಸ್ತು. ಅದನ್ನು ಬಾಚಿ, ಕಲಸಿ, ತಟ್ಟುವವರು ಹೆಂಗಸರು. ಹಸುವಿನ ಹೆಸರಿನಲ್ಲಿ ಭಾಷಣ ಮಾಡಿದವರ ಕೈಯಲ್ಲಿ ನಾನು ಸಗಣಿ ಕಂಡದ್ದು ಕಡಿಮೆ. ಗೌಡರು ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಘೋಷಣೆ ಇಲ್ಲ, ಬಾವುಟ ಇಲ್ಲ, ಯಾರ ಮುಖವೂ ಇಲ್ಲ. ಒಣಗಿ ಬಿರಿದ ಸಗಣಿ, ಅದರ ನಡುವೆ ಕೆಂಪು. ಆ ಕೆಂಪು ಮಂಗಳದ್ದೋ ಗಾಯದ್ದೋ ಎಂದು ನೋಡುವವನು ಕಾಯುತ್ತ ನಿಲ್ಲಬೇಕು. ಅವಸರದಲ್ಲಿ ಹೋದವನಿಗೆ ಅದೂ ಕಂದುಹಕ್ಕಿಯೇ.

ನನ್ನದೊಂದು ತಕರಾರೂ ಇದೆ. ಬೇವಿನೆಣ್ಣೆ ಹಾಕಿದ ಸಗಣಿಗೆ ಹುಳ ಬರುವುದಿಲ್ಲ. ಬಿಳಿ ಗೋಡೆಯ ಕೋಣೆಯಲ್ಲಿ ವಾಸನೆಯೂ ಉಳಿಯುವುದಿಲ್ಲ. ಮಿಲಾನ್, ಮ್ಯೂನಿಕ್‌ಗಳಲ್ಲಿ ಅದನ್ನು ನೋಡಿದವರಿಗೆ ಸಗಣಿಯ ಅರ್ಧ ಬದುಕು ಸಿಕ್ಕಿಲ್ಲ. ಇದು ಕೊಟ್ಟಿಗೆಯವನ ಹೊಟ್ಟೆಕಿಚ್ಚು ಎಂದುಕೊಂಡರೂ ಅಡ್ಡಿಯಿಲ್ಲ.

ಜನವರಿ 15

ಹಗ್ಗ 14. ಎಲ್ಲ ಪ್ಲಾಸ್ಟಿಕ್.

ಏಡಿಗಳು ರಾತ್ರಿ ಮರಳಿನ ಗೋಪುರ ಕಟ್ಟಿವೆ, ಒಂದೊಂದೂ ಗೇಣೆತ್ತರ. ಪಕ್ಕದಲ್ಲಿ ಬಿಲ, ಬಿಲದಿಂದ ಗೋಪುರಕ್ಕೆ ಕಾಲ್ದಾರಿ. ಹತ್ತು ಗಂಟೆಗೆ ಮೀನಿನ ಪಿಕಪ್ ಗಾಡಿ ದಂಡೆಗಿಳಿದು ಅಷ್ಟನ್ನೂ ಸಮ ಮಾಡಿಹೋಯಿತು.

ಜನವರಿ 17, ಶುಕ್ರವಾರ

ಚಾಚಾ ಮನೆಯ ಹಿಂದೆ ಒಂದು ಶಾಶಾ ಇದೆ ಎಂದಾಗ ಓಡಿದೆ. ಖರ್ಜೂರದ ಗರಿಯ ದಂಟುಗಳನ್ನು ನೆನೆಹಾಕಿ, ಬಾಗಿಸಿ, ಹಗ್ಗದಿಂದ ಹೆಣೆದ ದೋಣಿ. ಉದ್ದ ಒಂದೂವರೆ ಆಳಿಗಿಂತ ತುಸು ಹೆಚ್ಚು. ಮೊಳೆ ಇಲ್ಲ, ಹಲಗೆಯಿಲ್ಲ. ದಂಟುಗಳ ನಡುವೆ ಕೈ ತೂರುತ್ತದೆ. ಇದು ನೀರನ್ನು ಹೊರಗಿಡುವ ದೋಣಿಯಲ್ಲ. ನೀರು ಒಳಗೆ ಬಂದು ಹೋಗುತ್ತಿರುತ್ತದೆ, ಗರಿಯ ಬುಡದ ಬೆಂಡು ತೇಲಿಸುತ್ತದೆ. ಮೀನು ಹಿಡಿದು ಬಂದಮೇಲೆ ದಂಡೆಗೆಳೆದು ಒಣಗಿಸಬೇಕು, ಇಲ್ಲದಿದ್ದರೆ ನೀರು ಕುಡಿದು ಭಾರವಾಗುತ್ತದೆ. ಈಗ ಎಲ್ಲರದೂ ಫೈಬರ್ ದೋಣಿ, ಮೋಟಾರು. ಇದರ ಮೇಲೆ ಕೋಳಿ ಮಲಗುತ್ತವೆ.

ಹಗ್ಗ ಯಾವುದೆಂದು ಕೇಳಿದೆ. ಮೊದಲು ಖರ್ಜೂರದ ನಾರಿನದು, ಮನೆಯಲ್ಲೇ ಹೊಸೆದದ್ದು. ಅವರ ತಾಯಿ ಹೊಸೆಯುತ್ತಿದ್ದರಂತೆ. ದುರಸ್ತಿ ಮಾಡಿದ ಕಡೆಯೆಲ್ಲ ಹಸಿರು ನೈಲಾನ್. ಒಂದೇ ದೋಣಿಯಲ್ಲಿ ಎರಡು ಕಾಲದ ಹಗ್ಗ. ಬೆರಳಿನಿಂದ ಮುಟ್ಟಿ ಯಾವುದು ಯಾವುದೆಂದು ಹೇಳಬಹುದು. ನಾರಿನದು ಒರಟು, ಬೆಚ್ಚಗೆ.

ಸಂಜೆ ಅವರ ಮೊಮ್ಮಗ ಗೂಳಿಗಳ ಗುದ್ದಾಟಕ್ಕೆ ಕರೆದುಕೊಂಡು ಹೋದ. ಬಾತಿನಾದ ಊರುಗಳಲ್ಲಿ ಚಳಿಗಾಲದ ಆಟ ಇದು. ಕತ್ತಿಯಿಲ್ಲ, ರಕ್ತವಿಲ್ಲ, ಸವಾರನಿಲ್ಲ. ಎರಡು ಗೂಳಿ ಹಣೆಗೆ ಹಣೆ ಕೊಟ್ಟು ತಳ್ಳುತ್ತವೆ, ಹಿಮ್ಮೆಟ್ಟಿದ್ದು ಸೋತಿತು. ನಾನು ನೋಡಿದ್ದು ಗೂಳಿಯನ್ನಲ್ಲ, ಹಗ್ಗವನ್ನು. ಕಾಲಿಗೆ ಕಟ್ಟಿದ ಹಗ್ಗದ ತುದಿಯಲ್ಲಿ ಏಳೆಂಟು ಗಂಡಸರು, ಯಾವ ಗಳಿಗೆಯಲ್ಲೂ ಎಳೆದುಬಿಡಲು ಸಿದ್ಧ. ಆಟದ ಅಂಕೆಯೆಲ್ಲ ಅಲ್ಲಿತ್ತು.

ರಾತ್ರಿ ಪುಸ್ತಕ ತೆರೆದೆ. 1998ರ ಕೃತಿ, ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಮಾಡಿದ ಬಗೆ ಹೀಗೆ. ಸೂಜಿಗೆ ದಾರ ಪೋಣಿಸಬೇಕು. ನಾವು ಗೇಣು ಪೋಣಿಸಿ ನಿಲ್ಲಿಸುತ್ತೇವೆ. ಅವರು ಮಾರುಗಟ್ಟಲೆ ದಾರವನ್ನು ಸೂಜಿಯ ಕಣ್ಣಿನಿಂದಲೇ ಎಳೆದುಕೊಂಡು ಹೋದರು, ಸೂಜಿ ನಡುವಿಗೆ ಬರುವತನಕ. ಹೀಗೆ ಒಂದಲ್ಲ, ಹತ್ತಾರು ಸೂಜಿ. ಆ ದಾರಗಳನ್ನೆಲ್ಲ ಕೂಡಿಸಿ ಕುಂಕುಮ, ಅಂಟು ಸವರಿ ಹಗ್ಗ ಮಾಡಿದರು. ಕೆಂಪು ಹಗ್ಗ ಗೋಡೆಯಿಂದಿಳಿದು ನೆಲದಲ್ಲಿ ಸುತ್ತಿ ಹರಿದು ಮತ್ತೆ ಗೋಡೆ ಹತ್ತುತ್ತದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಕರುಳೂ ಹೌದು, ಹೊಕ್ಕುಳಬಳ್ಳಿಯೂ ಹೌದು. ಆದರೆ ನನಗೆ ಮೊದಲು ಕಂಡದ್ದು ಕೆಲಸ. ದಿನವಿಡೀ ದಾರ ಎಳೆದ ತೋಳಿನ ನೋವು.

2009ರ ‘ಬಿಹೋಲ್ಡ್’ ಇನ್ನೂ ದೊಡ್ಡದು. ಬೆಂಗಳೂರಿನ ಗಾಡಿಗಳ ಬಂಪರಿಗೆ ದೃಷ್ಟಿಯಾಗದಿರಲೆಂದು ಕಟ್ಟುವ ಕರಿಹಗ್ಗ ನೀವೂ ನೋಡಿರುತ್ತೀರಿ. ಅದು ಮನುಷ್ಯರ ಕೂದಲು. ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರೆ. ಉದ್ದ ಕೂದಲು ವಿಗ್ಗಿಗೆಂದು ಹೊರದೇಶಕ್ಕೆ ಹೋಗುತ್ತದೆ. ಮಿಕ್ಕ ತುಂಡುಕೂದಲು ಹಗ್ಗವಾಗುತ್ತದೆ. ಗೌಡರು ನಾಲ್ಕು ಕಿಲೋಮೀಟರಿನಷ್ಟು ಇಂಥ ಹಗ್ಗದಿಂದ ಇಪ್ಪತ್ತು ಉಕ್ಕಿನ ಬಂಪರುಗಳನ್ನು ತೂಗುಹಾಕಿದರು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ನಾನು ನೋಡಿರುವುದು ಚಿತ್ರದಲ್ಲಷ್ಟೇ. ಎಷ್ಟು ಊರಿನ, ಎಷ್ಟು ಜಾತಿಯ ತಲೆಗಳು ಅದರಲ್ಲಿ ಹೊಸೆದುಕೊಂಡಿವೆಯೋ! ಹೊಸೆದ ಮೇಲೆ ಬಿಡಿಸಿ ಹೇಳಲು ಯಾರಿಂದಲೂ ಆಗದು.

ಜನವರಿ 19

ಕಾಗೆ 31. ಊರಕಾಗೆ, ನಮ್ಮದೇ, ಬೂದುಕೊರಳಿನದು. ಹಡಗು ಹತ್ತಿ ಈ ದಂಡೆಗಳಿಗೆ ಬಂದು ಬೀಡುಬಿಟ್ಟಿದೆ. ಜೊತೆಗೆ ಗೊರವಂಕ 12. ಅದಂತೂ ಪಂಜರದಿಂದ ತಪ್ಪಿಸಿಕೊಂಡು ಹಬ್ಬಿದ ಹಕ್ಕಿ. ಎರಡನ್ನೂ ಒಮಾನ್ ಸರ್ಕಾರ ಉಪದ್ರವಿ ಎಂದು ಪಟ್ಟಿಮಾಡಿ ಇತ್ತೀಚಿನ ವರ್ಷಗಳಲ್ಲಿ ಹಿಡಿಸುತ್ತಿದೆ, ಹೊಡೆಸುತ್ತಿದೆ. ತಪ್ಪು ಎನ್ನಲಾರೆ. ಅವು ಇಲ್ಲಿನ ಸಣ್ಣ ಹಕ್ಕಿಗಳ ಮೊಟ್ಟೆ, ಮರಿಗಳನ್ನು ಬಿಡುವುದಿಲ್ಲ. ಆದರೂ ‘ಭಾರತೀಯ ಕಾಗೆ ನಿರ್ಮೂಲನೆ’ ಎಂಬ ಮಾತನ್ನು ಅಳಿಯ ಪತ್ರಿಕೆಯಿಂದ ಓದಿ ಹೇಳಿದಾಗ ಊಟದ ತಟ್ಟೆಯ ಮುಂದೆ ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು. ಆಮೇಲೆ ಮಗಳು ‘ಅಪ್ಪಾ, ಸಾರು ಹಾಕ್ಲಾ?’ ಎಂದಳು.

ಹೆದ್ದಾರಿಯ ಪಕ್ಕದ ಕೆಲಸಗಾರರ ಶೆಡ್ಡುಗಳ ಮೇಲೆ ಕಾಗೆಗಳು ಹೆಚ್ಚು. ತಗಡು, ಪ್ಲೈವುಡ್, ನೀಲಿ ತಾಡಪಾಲು. ಶೀಲಾ ಗೌಡರ 2006ರ ‘ಡಾರ್ಕ್‌ರೂಮ್’ ನೆನಪಾಗುತ್ತದೆ. ನಮ್ಮಲ್ಲಿ ರಸ್ತೆ ಹಾಕುವ ಕೂಲಿಗಳು ಖಾಲಿ ಟಾರು ಡ್ರಮ್ಮು ಸೀಳಿ, ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುತ್ತಾರಲ್ಲ, ಆ ಡ್ರಮ್ಮುಗಳನ್ನೇ ಕಂಬದಂತೆ ಪೇರಿಸಿದ ಕೋಣೆ. ಹೊರಗಿನಿಂದ ಕೋಟೆಯ ಗತ್ತು. ಬಗ್ಗಿ ಒಳಗೆ ಹೋದರೆ ಕತ್ತಲು, ತಲೆಯ ಮೇಲೆ ತಗಡಿನ ತೂತುಗಳಿಂದ ನಕ್ಷತ್ರ. ಅದೇ ಟಾರು ಡ್ರಮ್ಮು, ತಾಡಪಾಲು, ಅಭ್ರಕ ಸೇರಿಸಿ ಮಾಡಿದ ಇನ್ನೊಂದು ಕೃತಿಗೆ ಅವರು ಇಟ್ಟ ಹೆಸರು ಕನ್ನಡದ್ದೇ, ‘ಕಾಗೆಬಂಗಾರ’. ಪರದೇಶದ ಕಲಾಪುಸ್ತಕದ ಪುಟದಲ್ಲಿ ಆ ಪದ ಅನುವಾದವಾಗದೆ ನಿಂತಿರುವುದನ್ನು ಕಂಡು ನನಗೆ ಹೊಸ ಪ್ರಭೇದ ಸಿಕ್ಕಷ್ಟು ಖುಷಿ.

ಜನವರಿ 22

ಗಾಳಿ ಜೋರು, ಹಕ್ಕಿ ಕಡಿಮೆ. ಮನೆಯಲ್ಲೇ ಕೂತು ಹೆಸರುಪಟ್ಟಿ ತಿದ್ದಿದೆ.

ಪಟ್ಟಿ ಮಾಡುವ ಚಟ ನಮ್ಮಂಥವರದು. ಬೆಂಗಳೂರಿನ ಇನ್ನೊಬ್ಬ ಕಲಾವಿದೆ ಎನ್. ಪುಷ್ಪಮಾಲಾ ಈ ಚಟವನ್ನೇ ಹಿಡಿದು ಗೇಲಿ ಮಾಡಿದ್ದಾರೆ. ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಛಾಯಾಚಿತ್ರಗಳಲ್ಲಿ ಅವರು ತಾವೇ ವೇಷ ಹಾಕಿ ‘ದಕ್ಷಿಣದ ಹೆಂಗಸಿನ ಮಾದರಿ’ಗಳಾಗಿ ನಿಂತರು. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರನ್ನು ಅಳತೆಯ ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಫೋಟೋ ಹಿಡಿಯುತ್ತಿದ್ದರು, ನಾವು ಚಿಟ್ಟೆಗೆ ಸೂಜಿ ಚುಚ್ಚುವ ಹಾಗೆ. ಪುಷ್ಪಮಾಲಾ ಆ ಪರದೆಯ ಮುಂದೆಯೂ ನಿಂತರು. ನೋಡುತ್ತ ನಾಚಿಕೆಯಾದದ್ದು ನನಗೆ.

ವೆನಿಸ್ ಬಿಯೆನಾಲೆಯಲ್ಲಿ ಕಲೆಯನ್ನೂ ದೇಶವಾರು ಮಂಟಪಗಳಲ್ಲಿಡುತ್ತಾರೆ, ಮೃಗಾಲಯದಲ್ಲಿ ಫಲಕ ತೂಗುಹಾಕಿದಂತೆ. 2009ರಲ್ಲಿ ‘ಬಿಹೋಲ್ಡ್’ ಅಲ್ಲಿಗೆ ಹೋದಾಗ ಅದಕ್ಕೆ ದೇಶದ ಮಂಟಪವಿರಲಿಲ್ಲ, ಮುಖ್ಯ ಪ್ರದರ್ಶನದಲ್ಲಿ ತೂಗಿತು. ಭಾರತ ತನ್ನ ಅಧಿಕೃತ ಮಂಟಪ ತೆರೆದದ್ದು 2011ರಲ್ಲಿ. ಒಮಾನಿನ ಮೊದಲ ಮಂಟಪ 2022ರದು. ಅದರಲ್ಲಿದ್ದ ಐವರು ಅನ್ವರ್ ಸೋನ್ಯಾ, ಹಸನ್ ಮೀರ್, ಬುದೂರ್ ಅಲ್ ರಿಯಾಮಿ, ಅಷ್ಟರಲ್ಲಾಗಲೇ ತೀರಿಕೊಂಡಿದ್ದ ರಾಯಾ ಅಲ್ ರವಾಹಿ, ಮತ್ತು ರಾಧಿಕಾ ಖಿಮ್ಜಿ. ಖಿಮ್ಜಿ ಹುಟ್ಟಿದ್ದು 1979ರಲ್ಲಿ, ಮಸ್ಕತ್‌ನಲ್ಲಿ. ಹೆಸರು ಗುಜರಾತಿನದು, ಮಂಟಪ ಒಮಾನಿನದು. ಬಣ್ಣ, ಫೋಟೋ, ಹಲಗೆ, ದಾರದ ಹೊಲಿಗೆ ಎಲ್ಲ ಒಂದೇ ಕೃತಿಯಲ್ಲಿ ಕೂಡುತ್ತವೆ. ತಂತಿಯ ಮೇಲಿನ ನೀಲಕಂಠದ ಪಕ್ಕಕ್ಕೆ ಈಕೆಯ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಶೀಲಾ ಗೌಡರ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಸಲ, ಕೊಚ್ಚಿಯ ಮೊದಲ ಬಿಯೆನಾಲೆಯಲ್ಲಿ, 2013ರ ಆರಂಭ. ಪತಿ ಕ್ರಿಸ್ಟೋಫ್ ಸ್ಟೋರ್ಝ್ ಜೊತೆ ಮಾಡಿದ ‘ಸ್ಟಾಪ್‌ಓವರ್’. ಬೆಂಗಳೂರಿನ ಮನೆಗಳಿಗೆ ಮಿಕ್ಸಿ ಬಂದಮೇಲೆ ಬೀದಿಗೆ ಬಿದ್ದ ರುಬ್ಬುವ ಕಲ್ಲುಗಳು, ನೂರಕ್ಕೂ ಮಿಕ್ಕಿ, ಆಸ್ಪಿನ್‌ವಾಲ್ ಕಟ್ಟಡದಲ್ಲಿ ಹರಡಿದ್ದವು. ಆಚೆ ಹಡಗುಗಳು ಹೋಗುತ್ತಿದ್ದವು. ಎಸೆಯಲು ಮನಸ್ಸು ಬಾರದೆ, ಇಟ್ಟುಕೊಳ್ಳಲು ಜಾಗವಿಲ್ಲದೆ ಜನ ರಸ್ತೆಬದಿಗಿಟ್ಟು ಬಂದ ಕಲ್ಲುಗಳು. ನಾನು ಒಂದರ ಪಕ್ಕ ಕೂತೆ. ಅದರ ಕುಳಿಯಲ್ಲಿ ಮಳೆನೀರಿತ್ತೋ ಯಾರೋ ಹಾಕಿದ ನೀರೋ, ಗುಬ್ಬಿಯೊಂದು ಕುಡಿದುಹೋಯಿತು. ಟಿಪ್ಪಣಿ ಪುಸ್ತಕದಲ್ಲಿ ಗುಬ್ಬಿಯನ್ನಷ್ಟೇ ಬರೆದಿದ್ದೇನೆ, ಕಲ್ಲುಗಳನ್ನು ಎಣಿಸಿಕೊಳ್ಳಲಿಲ್ಲ ಎಂದು ಈಗ ಬೇಸರ.

ಜನವರಿ 27, ಬೆಳಿಗ್ಗೆ 6:40

ಕೊನೆಯ ದಿನ. ನೀಲಕಂಠ ಮೂರನೇ ಕಂಬದ ಮೇಲೆ. ಕಡಲಕಾಗೆ ನೂರರಷ್ಟು, ಬಲೆ ಎಳೆಯುವವರ ಸುತ್ತ. ಅಲೆಯ ಜೊತೆ ಓಡುವ ಬಿಳಿ ಪುಟ್ಟಹಕ್ಕಿಗಳು 40. ಅದೇ ಇನ್ನೂರು ಹೆಜ್ಜೆ. ಹಗ್ಗದ ತುಂಡು 23: ಹಸಿರು 13, ನೀಲಿ 7, ಬಿಳಿ 3. ನಾರಿನದು ಒಂದೂ ಇಲ್ಲ.